ಬಾಯಿ ಇರುವವಳು

"ಚಪ್ಪಲಿ ಬಿಡಬೇಡ. ಹಾಗೇ ಮೇಲಿನ ಮನೆಗೆ ಹೋಗಿ ಕೇಳಿ ಬಂದುಬಿಡು," ಎಂದರು ಅಮ್ಮ, ಆಗಷ್ಟೇ ಹೊರಗಿನಿಂದ ಬಂದ ಕಿರಿಮಗಳಿಗೆ.

ಬಚ್ಚಲಮನೆಯ ಚಾವಣಿಯಿಂದ ಮತ್ತೆ ನೀರು ತೊಟ್ಟಿಕ್ಕುತ್ತಿತ್ತು. ಅಕ್ಕ ಅದರ ಕೆಳಗೆ ಬಕೆಟ್ ಇಟ್ಟಿದ್ದಳು. ತಮ್ಮ ಆ ಬಕೆಟ್ಟನ್ನು ನೋಡುತ್ತ ನಿಂತಿದ್ದ. ಬೆಳಗಿನಿಂದ ಮೂವರೂ ಸೇರಿ ಮಾಡಿದ ಕೆಲಸ ಇಷ್ಟೇ.

"ನಾನು ಹೋದ ಕೆಲಸ ಏನಾಯ್ತು ಅಂತ ಯಾರಾದ್ರೂ ಕೇಳ್ತೀರಾ?"

"ಏನಾಯ್ತು?"

"ಆಗಲಿಲ್ಲ."

ಅವಳು ಕೆಲಸ ಕೇಳಲು ಹೋಗಿದ್ದ ಶಿಶುವಿಹಾರದ ಮೇಡಂ ನೋಡಿದ ಕೂಡಲೇ ಗುರುತು ಹಿಡಿದಿದ್ದರು. ಹೋದ ವರ್ಷ ಅಕ್ಕನ ಮಗನ ಶೂ ಕಳೆದುಹೋದಾಗ ಅಲ್ಲಿ ಹೋಗಿ ಕೂಗಾಡಿದವಳು ಇವಳೇ. ಶೂ ಕಳೆದುಕೊಂಡವನ ತಾಯಿ ಗೇಟಿನಾಚೆ ತಲೆ ತಗ್ಗಿಸಿ ನಿಂತಿದ್ದಳು. "ಮಕ್ಕಳ ಜೊತೆ ಇರೋಕೆ ತಾಳ್ಮೆ ಇರೋರು ಬೇಕಮ್ಮ," ಎಂದು ಮೇಡಂ ಮೆಲ್ಲಗೆ ಹೇಳಿ ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. ಯಾರೂ ಹೇಳದೆ ತಾನಾಗಿ ಅವಳು ಬಯಸಿದ್ದು ಆ ಕೆಲಸ ಒಂದನ್ನೇ.

"ಎಷ್ಟು ಸೊಕ್ಕು ನೋಡು," ಎಂದರು ಅಮ್ಮ. "ನಾಳೆ ಹೋಗಿ ಸರಿಯಾಗಿ ದಬಾಯಿಸು."

ಇಂಥವರ ಹತ್ತಿರ ಏನಂತ ಮಾತಾಡುವುದು.

ಇದೆಲ್ಲ ಶುರುವಾಗಿದ್ದು ಕೊಳೆತ ಟೊಮೇಟೊದಿಂದ. ಅಮ್ಮನಿಗೆ ಅಂಗಡಿಯವನನ್ನು ಕೇಳಲು ಸಂಕೋಚ. ಆಗಿನ್ನೂ ಫ್ರಾಕು ಹಾಕುತ್ತಿದ್ದ ಇವಳ ಕೈಗೆ ಚೀಲ ಕೊಟ್ಟು ಕಳಿಸಿದರು. ಅವಳು ಹೆದರಿ ಕಿರುಚಿದಳು. ಅಂಗಡಿಯವನು ನಗುತ್ತ ಬದಲಾಯಿಸಿ ಕೊಟ್ಟ. "ಇವಳೊಬ್ಬಳಿಗೆ ಬಾಯಿ ಇದೆ," ಎಂದು ಮನೆಯವರೆಲ್ಲ ಬೆನ್ನು ತಟ್ಟಿದರು. ಹಾಗೆ ತಟ್ಟಿಸಿಕೊಳ್ಳುವ ಆಸೆಗೆ ಅವಳು ಗ್ಯಾಸಿನವನ ಜೊತೆ, ಕಂಡಕ್ಟರನ ಜೊತೆ, ತಮ್ಮನಿಗೆ ಹೊಡೆದ ಹುಡುಗರ ಜೊತೆ ಜಗಳ ಕಾಯುತ್ತ ದೊಡ್ಡವಳಾದಳು. ಅಕ್ಕ ಮೃದು ಎನಿಸಿಕೊಂಡಳು, ತಮ್ಮ ಸಾಧು ಎನಿಸಿಕೊಂಡ. ಅವರ ಪಾಲಿನ ಸಿಟ್ಟನ್ನೂ ಇವಳೇ ಮಾಡಿಕೊಟ್ಟರೆ ಅವರಿಗೇನು, ಆರಾಮಾಗಿ ಒಳ್ಳೆಯವರಾಗಬಹುದು. ಪ್ರತಿ ಸಲವೂ ಅವಳಿಗೆ ಟೊಮೇಟೊ ದಿನದಷ್ಟೇ ಹೆದರಿಕೆಯಾಗುತ್ತಿತ್ತು. ಅದನ್ನು ಯಾರೂ ವಿಚಾರಿಸಲಿಲ್ಲ.

"ಈ ಸಲ ಇವನು ಹೋಗಲಿ," ಎಂದು ತಮ್ಮನನ್ನು ತೋರಿಸಿದಳು.

"ಅವನಾ? ಪಾಪ, ಅವನಿಗೆ ಮಾತಾಡೋಕೆ ಎಲ್ಲಿ ಬರುತ್ತೆ?"

ತಮ್ಮ ಕಾಲ್ ಸೆಂಟರಿನಲ್ಲಿ ದಿನವಿಡೀ ಮಾತಾಡಿಯೇ ಸಂಬಳ ತರುವವನು. ಈಗ ಬಕೆಟ್ಟು ಎಷ್ಟು ತುಂಬಿದೆ ಎಂದು ಬಗ್ಗಿ ನೋಡಿದ.

ಅವಳಿಗೆ ಸಾಕು ಸಾಕಾಗಿತ್ತು. ಇನ್ನು ವಾದ ಮಾಡುವುದಕ್ಕಿಂತ ಹೋಗಿ ಬರುವುದೇ ಸುಲಭ ಎನ್ನಿಸಿ ದಡದಡ ಮೆಟ್ಟಿಲು ಹತ್ತಿದಳು.

ಮೇಲಿನ ಮನೆಯ ಬಾಗಿಲು ಒರಗಿಸಿತ್ತು. ಒಳಗೆ ಆ ಮನೆಯಾಕೆ ಮಗಳಿಗೆ ಊಟ ಮಾಡಿಸುತ್ತಿದ್ದಳು.

"ಇನ್ನೊಂದೇ ತುತ್ತು. ತಿನ್ನಲ್ವಾ? ಇರು, ಕೆಳಗಿನ ಮನೆ ಜಗಳದ ಅಕ್ಕನ್ನ ಕರೀತೀನಿ."

"ಬೇಡ," ಎಂದಿತು ಪುಟ್ಟ ದನಿ. "ಕರೀಬೇಡ. ತಿಂತೀನಿ."

ತಟ್ಟಲು ಎತ್ತಿದ ಕೈಯನ್ನು ಅವಳು ಇಳಿಸಿದಳು.

"ಏನಂತೆ? ಬಾಗಿಲು ತೆಗೆದ್ರಾ?" ಕೆಳಗಿನಿಂದ ಅಮ್ಮ ಕೂಗಿದರು. "ಸ್ವಲ್ಪ ಜೋರಾಗೇ ಕೇಳು."

ಅವಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ಸದ್ದಾಗದಂತೆ ಮೇಲಿನ ಮೆಟ್ಟಿಲ ಮೇಲೆ ಕೂತಳು. ಒಳಗೆ ಮಗು ಗಬಗಬ ಅಗಿಯುತ್ತಿತ್ತು. ಅದು ನುಂಗುವವರೆಗೂ ಅವಳು ಅಲುಗಾಡಲಿಲ್ಲ.