ನೆಂಟರ ಜರಡಿ

ಸೋದರಮಾವ ಎಂಥ ಆಸಾಮಿ ಎಂದರೆ, ಒಬ್ಬರನ್ನು ಕರೆದುಕೊಂಡು ಬಾ ಎಂದರೆ ಬೀದಿಯನ್ನೇ ಹೊರಡಿಸಿಕೊಂಡು ಬರುವವನು. ಅಕ್ಕನ ಮಗಳು ಕೆಲಸ ಮಾಡುವ ಪ್ರಯೋಗಾಲಯಕ್ಕೆ ತಮ್ಮ ಜನರ ಎಂಜಲು ಬೇಕಂತೆ ಎಂದು ಕೇಳಿದ್ದೇ ತಡ, ಕಾಲಿಗೆ ಚಕ್ರ ಕಟ್ಟಿಕೊಂಡು ಮನೆಮನೆ ತಿರುಗಿದ. ಮಂಡಿನೋವಿನ ಮುದುಕಿಯರನ್ನು ಕೈಹಿಡಿದು ನಡೆಸಿದ. ಮುನಿಸಿಕೊಂಡು ಮಾತು ಬಿಟ್ಟಿದ್ದ ಬೀಗರನ್ನು ಒಂದೇ ಬೆಂಚಿನ ಮೇಲೆ ಕೂರಿಸಿದ. ಇನ್ನೂರು ಚಿಲ್ಲರೆ ಜನ ಸಾಲಾಗಿ ಬಂದು ಪ್ಲಾಸ್ಟಿಕ್ ಕೊಳವೆಗಳಿಗೆ ಉಗುಳಿ ಹೋದರು. ಹೊರಗೆ ಉಗುಳಿದರೆ ದಂಡ, ಇಲ್ಲಿ ಉಗುಳಿದರೆ ಥ್ಯಾಂಕ್ಸು ಎಂದು ಮಾವ ಎಲ್ಲರನ್ನೂ ನಗಿಸಿದ್ದ.

ವಿಷಯ ಮಾತ್ರ ನಗುವಂಥದ್ದಾಗಿರಲಿಲ್ಲ. ರೈಲು ಹಳಿಯ ಪಕ್ಕದ ಆ ಬೀದಿಯನ್ನು ಒಡೆದು ಗೋದಾಮು ಕಟ್ಟುವುದೆಂದು ನಗರದ ಕಚೇರಿ ನಿಶ್ಚಯಿಸಿತ್ತು. ಇವರು ಬೇರೆಯೇ ಮೂಲದ ಜನ, ತಲೆತಲಾಂತರದಿಂದ ಪ್ರತ್ಯೇಕವಾಗಿ ಬಂದವರು ಎಂದು ರುಜುವಾತಾದರೆ ಬೀದಿ ಅವರಿಗೇ ಉಳಿಯುತ್ತದೆ. ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಹಳೆಯ ದಾಖಲೆ ತೋರಿಸೋಣವೆಂದರೆ ಒಂದು ಚೂರೂ ಇರಲಿಲ್ಲ. ತಮ್ಮದೇ ಭಾಷೆಯೊಂದು ಇತ್ತು, ಅದು ಅಜ್ಜಿಯರ ಜೊತೆಯೇ ಮಣ್ಣಾಯಿತು. ಉಳಿದದ್ದು ರಕ್ತವೊಂದೇ.

ಆ ರಕ್ತದ ಲೆಕ್ಕ ಅಕ್ಕನ ಮಗಳ ಪಾಲಿಗೇ ಬಂತು. ತನ್ನ ತಾಯಿ ಆ ಬೀದಿಯವಳೇ ಎಂದು ಅವಳು ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಸಾಫ್ಟ್‌ವೇರಿಗೆ ನೀನು ಯಾರ ಮಗಳಾದರೇನು ಎಂದು ಪ್ರಯೋಗಾಲಯ ನಡೆಸುವ ಮೇಡಂ ನಕ್ಕು ಸುಮ್ಮನಾಗಿದ್ದರು. ಸಾಫ್ಟ್‌ವೇರಿನ ಕೆಲಸವೂ ಹೇಳಿಕೊಳ್ಳಲು ಸರಳ. ಸುತ್ತಲಿನ ಸಾವಿರಾರು ಜನರ ಡಿಎನ್‌ಎ ಜೊತೆ ಬೀದಿಯವರದ್ದನ್ನೂ ಸುರಿದು, ಇಷ್ಟು ಗುಂಪು ಮಾಡು ಎನ್ನಬೇಕು. ಅದು ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ಪಟ್ಟಿ ಎಳೆಯುತ್ತದೆ. ಬೀದಿಯವರಿಗೆಲ್ಲ ಬೇರೆ ಯಾರಿಗೂ ಇಲ್ಲದ ಬಣ್ಣ ಬಂದರೆ ಮಾವ ಗೆದ್ದ ಹಾಗೆ.

ಆದರೆ ಅದಕ್ಕೂ ಮುಂಚೆ ಒಂದು ಕೆಲಸವಿದೆ. ಅಣ್ಣತಮ್ಮಂದಿರು, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಒಟ್ಟಿಗೆ ಬಂದರೆ ಸಾಫ್ಟ್‌ವೇರ್ ಒಂದು ಮನೆಯನ್ನೇ ಒಂದು ಜನಾಂಗ ಅಂದುಕೊಂಡು ಬೇಸ್ತು ಬೀಳುತ್ತದೆ. ಹಾಗಾಗಿ ಹತ್ತಿರದ ನೆಂಟರಿಬ್ಬರಿದ್ದರೆ ಒಬ್ಬರನ್ನು ಮೊದಲೇ ತೆಗೆದುಬಿಡಬೇಕು. ಪ್ರಯೋಗಾಲಯದಲ್ಲಿ ಇದನ್ನು ನೆಂಟರ ಜರಡಿ ಎನ್ನುತ್ತಿದ್ದರು. ಅನ್ನಕ್ಕಿಡುವ ಮುಂಚೆ ಅಕ್ಕಿ ತೊಳೆದಷ್ಟೇ ಮಾಮೂಲಿ ಕೆಲಸ. ಅವಳೂ ಎಂದಿನಂತೆ ಬೀದಿಯವರನ್ನು ಜರಡಿಗೆ ಹಾಕಿ ಚಹಾ ತರಲು ಹೋದಳು.

ಬಂದು ನೋಡಿದರೆ ಒಂಬತ್ತು ಜನ ಉಳಿದಿದ್ದರು. ಹೆಣ್ಣು ಕೊಟ್ಟ ಮನೆಯಿಂದಲೇ ಹೆಣ್ಣು ತಂದುಕೊಂಡು ಬಂದ ಬೀದಿ ಅದು. ಅಲ್ಲಿ ನೆಂಟರಲ್ಲದವರು ಎಲ್ಲಿಂದ ಬರಬೇಕು? ಉಳಿದ ಒಂಬತ್ತು ಪಟ್ಟಿಗಳೂ ಸುತ್ತಲಿನವರ ಬಣ್ಣದಲ್ಲೇ ಕರಗಿಹೋಗಿದ್ದವು.

ಹಾಳಾಗಿ ಹೋಗಲಿ ಎಂದು ಜರಡಿ ಬಿಟ್ಟು, ಎಲ್ಲರನ್ನೂ ಸೇರಿಸಿ ಮತ್ತೆ ಓಡಿಸಿದಳು. ಅಲ್ಲೊಂದು ಇಲ್ಲೊಂದು ಪಟ್ಟಿ ಬಿಟ್ಟರೆ ಬೀದಿಗೆ ಬೀದಿಯೇ ಅಚ್ಚ ಹಸಿರಾಯಿತು! ಆ ಚಿತ್ರ ಹಿಡಿದುಕೊಂಡು ಮೇಡಂ ಕೋಣೆಗೆ ಓಡಿದಳು. ಮೇಡಂ ಒಳ್ಳೆಯವರೇ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಬೇರೆ ಯಾವುದಾದರೂ ದೊಡ್ಡ ಕುಟುಂಬವನ್ನು ಹೀಗೇ ಇಡಿಯಾಗಿ ಹಾಕಿ ನೋಡು ಎಂದರು. ಊರಾಚೆಯ ಒಂದೇ ಮನೆತನದವರ ಮಾದರಿಗಳು ಹಳೆಯ ಅಧ್ಯಯನದಲ್ಲಿದ್ದವು, ಹಾಕಿದಳು. ಅವರಿಗೂ ಅವರದ್ದೇ ಬಣ್ಣ ಬಂತು. ಯಾವ ವಿಶೇಷವೂ ಇಲ್ಲದ ಜನ, ಪಾಪ.

"ಅವರು ಬೇರೆ ಅಲ್ಲ ಅಂತ ನಾನು ಹೇಳ್ತಿಲ್ಲ," ಎಂದರು ಮೇಡಂ. "ಬೇರೆಯೋ ಅಲ್ವೋ ಇದರಿಂದ ಗೊತ್ತಾಗಲ್ಲ, ಅಷ್ಟೆ. ಹಾಗೇ ಬರಿ."

ಗೊತ್ತಾಗಲಿಲ್ಲ ಎಂದರೆ ಕಚೇರಿಯವರ ಲೆಕ್ಕದಲ್ಲಿ ಇಲ್ಲ ಎಂದೇ. ಅದನ್ನು ಅವರು ಮೊದಲೇ ಹೇಳಿಬಿಟ್ಟಿದ್ದರು. ಅವಳು ಕೈಚೆಲ್ಲಿ ಕೂತಳು. ಎಷ್ಟು ಯೋಚಿಸಿದರೂ ಮೇಡಂ ಮಾತಿನಲ್ಲಿ ತಪ್ಪು ಸಿಗಲಿಲ್ಲ.

ಮಧ್ಯಾಹ್ನ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು, ಪರದೆ ತಿರುಗಿಸಿ ಎರಡೂ ಚಿತ್ರ ತೋರಿಸಿದಳು. ಅಷ್ಟೊಂದು ಜನರನ್ನು ತಂದದ್ದೇ ತಪ್ಪಾಯಿತೇ ಎಂದು ಅವನು ಕೇಳಿದ. ಇಲ್ಲ, ಕಡಿಮೆ ಜನ ಬಂದಿದ್ದರೂ ಇಷ್ಟೇ ಎಂದಳು. ಅವನಿಗೆ ಅದರಿಂದ ಸಮಾಧಾನವೇನೂ ಆದಂತೆ ಕಾಣಲಿಲ್ಲ.

"ಆ ಒಂಬತ್ತರಲ್ಲಿ ನಾನಿದೀನಾ?"

ಅವನ ಕೊಳವೆಗೆ ಸಂಖ್ಯೆ ಅಂಟಿಸಿದವಳು ಅವಳೇ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಇಲ್ಲ ಮಾವ. ಯಾರಿಗೆ ನೆಂಟರು ಜಾಸ್ತಿಯೋ ಅವರನ್ನ ಮೊದಲು ತೆಗೆಯುತ್ತೆ ಅದು. ಎಲ್ಲರಿಗಿಂತ ಮುಂಚೆ ನಿನ್ನನ್ನೇ ತೆಗೀತು."

ಮಾವ ತಲೆಯಾಡಿಸಿದ. ಉಳಿದವರು ಯಾರೆಂದು ಹೇಳುವ ಹಾಗಿಲ್ಲ ಎಂದು ಅವಳು ಹೇಳುವಷ್ಟರಲ್ಲಿ ಅವನೇ ಬೆರಳು ಮಡಚತೊಡಗಿದ.

"ನಮ್ಮ ಬೀದೀಲಿ ನೆಂಟರಿಲ್ಲದೋರು ಅಂದ್ರೆ ಹೊರಗಿಂದ ಬಂದೋರೇ ಅಲ್ವೇನಮ್ಮ? ಮೂಲೆಮನೆ ಬಾಡಿಗೆಯ ದರ್ಜಿ. ನರ್ಸಮ್ಮ. ಪ್ರೀತಿಸಿ ಮದುವೆಯಾಗಿ ಬಂದ ಐದು ಜನ ಸೊಸೇರು."

ಅವಳಿಗೆ ಇದು ಹೊಳೆದೇ ಇರಲಿಲ್ಲ. ಬೀದಿಯವರು ಬೇರೆಯೋ ಅಲ್ಲವೋ ಎಂದು ಅವಳು ಬೀದಿಯವರಲ್ಲದವರನ್ನು ಇಟ್ಟುಕೊಂಡು ನೋಡಿದ್ದಳು.

"ಅವರನ್ನೂ ತೆಗೆದು ನೋಡು," ಎಂದ ಮಾವ.

"ತೆಗೆದ್ರೆ ಒಬ್ಬರೋ ಇಬ್ಬರೋ ಉಳೀತಾರೆ ಮಾವ. ಇಬ್ಬರನ್ನಿಟ್ಕೊಂಡು ಏನೂ ಹೇಳೋಕಾಗಲ್ಲ."

ಮಾವ ಎದ್ದು ಅಂಗಿ ಸರಿಮಾಡಿಕೊಂಡ. ಬಾಗಿಲ ಹತ್ತಿರ ಹೋದವನು ತಿರುಗಿ ನಿಂತ.

"ದರ್ಜಿಗೆ ಮಾತ್ರ ಇದು ಗೊತ್ತಾಗಬಾರದು ಕಣಮ್ಮ. ನಾನು ಬರಲ್ಲ, ನಾನು ನಿಮ್ಮ ಜನ ಅಲ್ಲ ಅಂತಾನೇ ಇದ್ದ ಅವನು. ಇನ್ನೊಂದು ಸಲ ಹಂಗಂದ್ರೆ ಮಾತಾಡ್ಸಲ್ಲ ಅಂತ ಬೈದು, ಕೈ ಹಿಡಿದು ಎಳ್ಕೊಂಡು ಬಂದೋನು ನಾನು."