ಅಮಲ್ದಾರರ ಮಗಳ ಹೆಸರು

ಗಾಳಿ ಬಂದಾಗ ತೂರಿಕೊಳ್ಳುವುದನ್ನು ನಮ್ಮ ಮಧುಗಿರಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂವತ್ತು ವರ್ಷ ಈ ಊರಿನ ಮಕ್ಕಳಿಗೆ ಕಾಗುಣಿತ ತಿದ್ದಿಸಿದವನು ನಾನು, ಗಂಗಾಧರಯ್ಯ ಮೇಷ್ಟ್ರು. ಅಪ್ಪಂದಿರನ್ನು ನೋಡಿದರೆ ಆ ದಡ್ಡಮಕ್ಕಳೇ ವಾಸಿ.

ಆ ವರ್ಷ ನಮ್ಮ ತಾಲ್ಲೂಕಿಗೆ ಬಂದ ಅಮಲ್ದಾರರು ಮೈಸೂರಿನಲ್ಲಿ ಓದಿದವರು. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಅವರಿಗೊಂದು ಹೆಣ್ಣುಮಗು ಹುಟ್ಟಿತು. ಅವರ ಹೆಂಡತಿ ರಾಜಲಕ್ಷ್ಮಮ್ಮ ಅದಕ್ಕೆ ಜ್ಯೋತ್ಸ್ನಾ ಅಂತ ಹೆಸರಿಟ್ಟರು. ಬೆಳದಿಂಗಳು ಅಂತ ಅರ್ಥ. ಗಂಗಮ್ಮ, ಮುನಿಯಮ್ಮ, ಕರಿಬಸಮ್ಮಂದಿರ ಊರಿನಲ್ಲಿ ಅಂಥದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಕೇಳಿದ್ದೇ ತಡ, ರಾಗಿ ಮಂಡಿಯ ಮಹಾಲಿಂಗಯ್ಯ ತನ್ನ ಮೊಮ್ಮಗಳಿಗೂ ಅದನ್ನೇ ಇಟ್ಟ. ಸತ್ತ ತಾಯಿಯ ಹೆಸರು ಇಡುತ್ತೇನೆಂದು ಹರಕೆ ಹೊತ್ತಿದ್ದವನು. ಕೈಲಾಸದಲ್ಲಿರುವ ತಾಯಿ ಕಾಯುತ್ತಾಳೆ, ಅಮಲ್ದಾರರು ಕಾಯುತ್ತಾರೆಯೇ? ವರ್ಷ ತುಂಬುವುದರೊಳಗೆ ಪೇಟೆಬೀದಿಯಲ್ಲಿ ಏಳು ಜ್ಯೋತ್ಸ್ನೆಯರು! ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕಾದ ಸೋದರತ್ತೆಯರು ನಾಲಿಗೆ ಹೊರಳದೆ ಒದ್ದಾಡುತ್ತಿದ್ದರು. ಉಚ್ಚಾರಣೆ ಕಲಿಸಲು ನನಗೆ ಕರೆ ಬರುತ್ತಿತ್ತು. ನಾನೂ ಮೀಸೆ ತಿರುವಿಕೊಂಡು ಹೋಗಿ, ಕಲಿಸಿ, ತೆಂಗಿನಕಾಯಿ ತರುತ್ತಿದ್ದೆ.

ಅಮಲ್ದಾರರ ಮನೆಗೆ ಹಾಲು ಹಾಕುತ್ತಿದ್ದ ಸಿದ್ದಗಂಗಮ್ಮನೂ ತನ್ನ ಮಗಳಿಗೆ ಅದೇ ಹೆಸರಿಟ್ಟಳು. ಅವಳ ಬಾಯಲ್ಲಿ ಅದು ಜೋಸ್ನಿ.

“ಹೇಳೋಕೆ ಬರದ ಹೆಸರು ನಿನಗ್ಯಾಕಮ್ಮ?” ಎಂದು ನಡುಬೀದಿಯಲ್ಲಿ ನಕ್ಕೆ.

“ಅಮ್ಮಾವ್ರು ಮಗೀನ ಎತ್ಕೊಂಡು ಕೂಗೋದು ಕೇಳೋಕೆ ಚೆಂದಾಗಿತ್ತು ಸ್ವಾಮಿ, ಅದ್ಕೇ ಇಟ್ಟೆ” ಅಂದಳು.

ಅಮಲ್ದಾರರ ಮಗು ಒಂದೂವರೆ ವರ್ಷದ್ದಿದ್ದಾಗ ಜ್ವರ ಬಂತು. ಮೂರೇ ದಿನ, ಹೋಗಿಬಿಟ್ಟಿತು. ಮಣ್ಣು ಮಾಡಿ ಇನ್ನೂ ಒಂಬತ್ತು ದಿನವಾಗಿರಲಿಲ್ಲ, ಮಹಾಲಿಂಗಯ್ಯ ನನ್ನ ಜಗುಲಿಯಲ್ಲಿ ಬಂದು ಕೂತ.

“ಆ ಹೆಸ್ರು ಬ್ಯಾಡ ಮೇಷ್ಟ್ರೇ, ಅಪಶಕುನ. ಬೇರೆ ಒಂದು ಹೇಳ್ಬುಡಿ.”

ಓಡಾಡುವ ಹುಡುಗಿಯನ್ನು ಮತ್ತೆ ತೊಟ್ಟಿಲಿಗೆ ತುರುಕಿ ಪಾರ್ವತಿ ಎಂದು ಕರೆದರು. ಅದು ಕಿರುಚಿಕೊಂಡು ಧುಮುಕಿ ಓಡಿತು. ತಿಂಗಳೊಳಗೆ ಏಳು ಮಕ್ಕಳೂ ಪಾರ್ವತಿ, ಗೌರಿ, ಲಕ್ಷ್ಮಿಯರಾದರು. ನನಗೆ ಮತ್ತೆ ಏಳು ತೆಂಗಿನಕಾಯಿ. ನಾಚಿಕೆಗೆಟ್ಟ ಜನ.

ಸಿದ್ದಗಂಗಮ್ಮನಿಗೂ ಬುದ್ಧಿ ಹೇಳಿದೆ. “ಹೆಸ್ರು ಏನ್ ಮಾಡೀತು ಸ್ವಾಮಿ? ನಾನ್ ಬದಲಾಯ್ಸಕಿಲ್ಲ” ಅಂದಳು. ಮೊಂಡಿ ಅಂದುಕೊಂಡೆ.

ರಾಜಲಕ್ಷ್ಮಮ್ಮನವರ ಎದುರು ಆ ಹೆಸರೆತ್ತಬಾರದೆಂದು ಊರೆಲ್ಲ ಮಾತಾಡಿಕೊಂಡಿತು. ಅವರು ಬೀದಿಯಲ್ಲಿ ಬಂದರೆ ಮಕ್ಕಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕುತ್ತಿದ್ದರು. “ನನ್ನ ಮಗಳ ಹೆಸರು ಒಂದು ಸಲ ಯಾರ ಬಾಯಲ್ಲಾದರೂ ಕೇಳಬೇಕು” ಎಂದು ಆಕೆ ಗಂಡನ ಹತ್ತಿರ ಅತ್ತರಂತೆ. ಕಚೇರಿಯ ಜವಾನ ಬಂದು ಹೇಳಿದ. ನಾವು ಅದನ್ನು ಹುಚ್ಚು ಅಂದೆವು.

ಮೂರು ತಿಂಗಳಿಗೆ ಅಮಲ್ದಾರರಿಗೆ ವರ್ಗವಾಯಿತು. ಮಹಾಲಿಂಗಯ್ಯ, ನಾನು, ಊರಿನ ದೊಡ್ಡವರೆಲ್ಲ ಹಾರ ಹಿಡಿದು ನಿಂತೆವು. ಗಾಡಿ ಕೊರಟಗೆರೆ ದಾರಿಗೆ ತಿರುಗುತ್ತಿತ್ತು.

“ಜೋಸ್ನೀ! ಗಾಡಿ ಬತ್ತೈತೆ, ಈಚೆಗ್ ಬಾರೆ!” ಸಿದ್ದಗಂಗಮ್ಮ ಬೀದಿಯ ಆಚೆಯಿಂದ ಕೂಗಿದಳು.

“ಬಾಯ್ ಮುಚ್ಚೇ ಮೂದೇವಿ” ಎಂದು ಮಹಾಲಿಂಗಯ್ಯ ಹಲ್ಲು ಕಡಿದ.

ಗಾಡಿ ನಿಂತಿತು. ರಾಜಲಕ್ಷ್ಮಮ್ಮನವರು ಇಳಿದು ಅವಳ ಹತ್ತಿರ ಹೋದರು. “ಇನ್ನೊಂದು ಸಲ ಕೂಗು ಸಿದ್ದಗಂಗಮ್ಮ.”

ಅವಳು ಕೂಗಿದಳು. ಧೂಳು ಮೆತ್ತಿಕೊಂಡ ಹುಡುಗಿ ಓಡಿಬಂತು. ಅಮ್ಮನವರು ಅದನ್ನು ಎತ್ತಿಕೊಂಡು ಕೆನ್ನೆಗೆ ಕೆನ್ನೆ ಒತ್ತಿ ಅತ್ತರು.

ನಾನು ಸುಮ್ಮನಿರಬಹುದಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. “ಬೇಜಾರು ಮಾಡ್ಕೋಬೇಡಿ ತಾಯಿ, ಅವಳಿಗೆ ಉಚ್ಚಾರಣೆ ಬರೋದಿಲ್ಲ” ಅಂದೆ.

ಅವರು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. “ನಿಮಗೆ ಬರುತ್ತಲ್ಲ ಮೇಷ್ಟ್ರೇ. ಈ ಮೂರು ತಿಂಗಳಲ್ಲಿ ಒಂದು ಸಲವಾದರೂ ಅಂದಿರಾ? ಈಗ ಅನ್ನಿ.”

ಪಕ್ಕದಲ್ಲಿ ಮಹಾಲಿಂಗಯ್ಯ ಇದ್ದ. ಬೀದಿಯವರೆಲ್ಲ ನೋಡುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ನಿಂತೆ. ಅವರು ಸ್ವಲ್ಪ ಹೊತ್ತು ಕಾದು, ಮಗುವನ್ನು ಅದರ ತಾಯಿಯ ಕೈಗೆ ಕೊಟ್ಟು ಗಾಡಿ ಹತ್ತಿದರು.