ದಿಣ್ಣೆ ಹತ್ತದೆ ಮಾತು ಕೊಡದವನು

ಗಾಡಿ ಸರಿಹೋಯಿತು ಎಂಬ ಮಾತು ಆ ಮೇಸ್ತ್ರಿಯ ಬಾಯಿಂದ ಶೆಡ್ಡಿನೊಳಗೆ ಒಮ್ಮೆಯೂ ಹೊರಟದ್ದಿಲ್ಲ. ಎಂಜಿನ್ ಎಷ್ಟೇ ನಯವಾಗಿ ಗುನುಗಲಿ, ಊರಾಚೆಯ ದಿಣ್ಣೆಯನ್ನು ಹೊರೆ ಹೊತ್ತು ಹತ್ತಿದ ಮೇಲಷ್ಟೇ ಅವನ ತಲೆ ಆಡುತ್ತಿತ್ತು. "ನಿಂತ ಗಾಡಿ ಎಲ್ಲಾ ಒಳ್ಳೇದೇ" ಎನ್ನುತ್ತಿದ್ದ. ಜನ ಅವನನ್ನು ದಿಣ್ಣೆ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹೆಂಡತಿಗೂ ಆ ಹೆಸರು ಒಪ್ಪಿಗೆಯೇ. ಹೊಸ ಚಪ್ಪಲಿ ಹೇಗಿದೆ ಎಂದು ಕೇಳಿದರೂ "ನಾಲ್ಕು ದಿನ ತುಳೀತೀನಿ, ಆಮೇಲೆ ಹೇಳ್ತೀನಿ" ಎನ್ನುವ ಗಂಡಸು.

ಕೊನೆಯ ದಿನವೂ ಎಂದಿನ ದಿನದಂತೆಯೇ ಇತ್ತು. ಇಟ್ಟಿಗೆ ಸಾಗಿಸುವವನ ಡೀಸೆಲ್ ಪಿಕಪ್ ಬಂದಿತ್ತು. ಹೊರೆ ಹೇರಿದರೆ ಏರಿನಲ್ಲಿ ಉಸಿರು ಕಟ್ಟಿ ನಿಲ್ಲುವುದು ಅದರ ಕಾಯಿಲೆ. ಬೇರೆ ಕಡೆ ಪಂಪು ಬದಲಿಸಿಯೂ ಆಗಿತ್ತು. ಮೇಸ್ತ್ರಿ ಬಾನೆಟ್ಟಿನತ್ತ ಸುಳಿಯದೆ ಟ್ಯಾಂಕಿನ ಕೆಳಗೆ ಮಲಗಿದ. ಟ್ಯಾಂಕಿನಿಂದ ಎಂಜಿನ್ನಿನವರೆಗೆ ಡೀಸೆಲ್ ನಡೆದ ದಾರಿಯಲ್ಲೇ ತಾನೂ ನಡೆಯಬೇಕು, ನಡುವೆ ಹಾರಬಾರದು ಎಂಬುದು ಅವನ ಹಟ. ರಬ್ಬರ್ ಪೈಪಿನ ತುದಿಗೆ ಆಚೆಯದು ಕಾಣುವಂಥ ತುಂಡು ಪೈಪು ಸೇರಿಸಿ, ಕೈಗೆಲಸಕ್ಕೆ ಜೊತೆಗಿದ್ದ ಹೆಂಡತಿಗೆ "ಒತ್ತೇ" ಎಂದ. ಅವಳು ಫಿಲ್ಟರಿನ ಮೇಲಿನ ಕೈಪಂಪು ಒತ್ತಿದಳು.

"ಗುಳ್ಳೆ ಬರ್ತಿದೆ, ನೋಡು."

"ಬರ್ತಿದೆ. ಆದ್ರೆ ಕೆಳಗೆ ಒಂದು ಹನೀನೂ ಬಿದ್ದಿಲ್ಲವಲ್ಲ."

"ಡೀಸೆಲ್ ಹೀರೋ ಪೈಪು ಕಣೇ ಇದು. ಬಿರುಕು ಬಿಟ್ರೆ ಹೊರಗೆ ಸೋರಲ್ಲ, ಒಳಗೆ ಗಾಳಿ ಎಳ್ಕೊಳ್ಳುತ್ತೆ."

ಕ್ಲಿಪ್ಪಿನಡಿ ಕೂದಲೆಳೆಯಷ್ಟು ಬಿರುಕಿತ್ತು. ಪೈಪು ಬದಲಿಸಿದ. ಡೀಸೆಲ್ಲಿನ ಒತ್ತಡ ತೋರಿಸುವ ಗೇಜನ್ನು ಉದ್ದನೆಯ ಕೊಳವೆಗೆ ಸಿಕ್ಕಿಸಿ, ಒಳಗೆ ಕೂತವರಿಗೆ ಕಾಣುವಂತೆ ವೈಪರಿಗೆ ಕಟ್ಟಿದ. ಮುಳ್ಳು ಏರಿ ನಿಂತಿತು.

"ಈಗಲಾದ್ರೂ ಸರಿಹೋಯ್ತು ಅನ್ನಿ. ಗಂಟಲೇನೂ ಹರಿಯಲ್ಲ."

"ನಾಳೆ ದಿಣ್ಣೆ ಹತ್ತಿಸಿ ಹೇಳ್ತೀನಿ."

ಮರುದಿನ ಬೆಳಿಗ್ಗೆ ಅವನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಗೋಡೆಗೊರಗಿ ಕೂತಿದ್ದ. ಒಂದು ಕಾಲಿಗೆ ಮಾತ್ರ ಚಪ್ಪಲಿ ಇತ್ತು. "ಏನ್ರೀ, ಇನ್ನೂ ಕೂತೇ ಇದ್ದೀರಾ, ಗಾಡಿಯವನು ಬರೋ ಹೊತ್ತಾಯ್ತು" ಎಂದು ಬೈದಳು. ಮತ್ತೊಮ್ಮೆ ಬೈದಳು. ಆಮೇಲೆ ಭುಜ ಹಿಡಿದಳು. ಎದೆನೋವು ಎಂದವನಲ್ಲ, ಬೆವರಿದವನಲ್ಲ. ಇಷ್ಟು ಹೊತ್ತು ತಾನು ಬೈಯುತ್ತಿದ್ದುದು ಸತ್ತವನನ್ನು ಎಂಬುದು ಅವಳ ತಲೆಗೆ ಹೋಗಲೇ ಇಲ್ಲ. ಬಂದವರು ಅತ್ತರು. ಅವಳು ಯಾರು ಎಲ್ಲಿ ಕೂರಬೇಕೆಂದು ಜಾಗ ತೋರಿಸುತ್ತ ಓಡಾಡಿದಳು.

ಎಲ್ಲ ಮುಗಿದ ಮೇಲೆ ಪಿಕಪ್ಪಿನವನು ಬಂದು ತಲೆ ತಗ್ಗಿಸಿ ನಿಂತ.

"ಅಕ್ಕಾ, ಕೇಳೋಕೆ ಬಾಯಿ ಬರ್ತಿಲ್ಲ. ಗಾಡಿ ಸರಿಹೋಗಿದೆಯಾ?"

"ಗೊತ್ತಿಲ್ಲಪ್ಪ. ಅವರು ಹೇಳಿಲ್ಲ."

"ಸ್ಟಾರ್ಟ್ ಆಗುತ್ತಲ್ಲ. ತಗೊಂಡು ಹೋಗ್ತೀನಿ."

"ಇಟ್ಟಿಗೆ ತುಂಬ್ಕೊಂಡು ಬಾ. ನಾನೂ ಬರ್ತೀನಿ."

ಗಂಡನ ಕಡೆಯ ಕೆಲಸ ಸರಿಯೋ ತಪ್ಪೋ ತಿಳಿಯದೆ ಗಾಡಿ ಬಿಟ್ಟುಕೊಡುವುದು ಅವಳಿಂದಾಗುತ್ತಿರಲಿಲ್ಲ. ಗೇಜು ಇನ್ನೂ ವೈಪರಿನಲ್ಲೇ ಇತ್ತು. ಏರಿನ ಅರ್ಧಕ್ಕೆ ಬಂದಾಗ ಮುಳ್ಳು ಕುಸಿಯಿತು. ಎಂಜಿನ್ ಕೆಮ್ಮಿ ನಿಂತಿತು. ಅವಳು ಬಾಗಿಲು ತೆರೆದಳು.

"ಬಿಡಿ ಅಕ್ಕಾ. ಮೇಸ್ತ್ರೀನೂ ಮನುಷ್ಯರೇ. ಒಂದು ತಪ್ಪಿರಬಹುದು."

"ಬಾಯಿ ಮುಚ್ಕೊಂಡು ಇಳಿ."

ಟ್ಯಾಂಕಿನಿಂದ ಶುರು. ಮುಚ್ಚಳ ತಿರುಗಿಸಿದಳು. ಟ್ಯಾಂಕು ಹುಸ್ಸೆಂದು ಗಾಳಿಯನ್ನು ಒಳಗೆಳೆದುಕೊಂಡಿತು. ಮುಚ್ಚಳದೊಳಗೆ ಮಡಚಿಟ್ಟ ಪ್ಲಾಸ್ಟಿಕ್ ಚೀಲ ಅಂಟಿತ್ತು.

"ಇದನ್ಯಾರು ಇಟ್ಟಿದ್ದು?"

"ನಾನೇ ಅಕ್ಕಾ. ಮೇಸ್ತ್ರಿ ಹೋದ ದಿನ ಗಾಡಿ ಮಳೇಲಿ ನಿಂತಿತ್ತಲ್ಲ, ನೀರು ಇಳಿದೀತು ಅಂತ."

"ಗಾಳಿ ಆಡೋ ತೂತು ಮುಚ್ಚಿ, ಡೀಸೆಲ್ಲೇ ಬಾ ಅಂದ್ರೆ ಎಲ್ಲಿಂದ ಬರುತ್ತೆ? ನೀನು ಮೂಗು ಬಾಯಿ ಹಿಡ್ಕೊಂಡು ಈ ದಿಣ್ಣೆ ಹತ್ತು, ನೋಡೋಣ."

ಚೀಲ ಕಿತ್ತೆಸೆದಳು. ಕೈಪಂಪು ಒತ್ತಿದಳು. ಗಾಡಿ ಹೊರಟಿತು. ದಿಣ್ಣೆಯ ನೆತ್ತಿಯವರೆಗೂ ಮುಳ್ಳು ಅಲುಗಲಿಲ್ಲ. ಮೇಲೆ ಗಾಡಿ ನಿಲ್ಲಿಸಿ ಪಿಕಪ್ಪಿನವನು ಅವಳ ಮುಖ ನೋಡಿದ. ಮಾತಾಡಬೇಕಾದವನು ಮಾತಾಡುವ ಜಾಗ ಅದು. ಯಾರೂ ಮಾತಾಡಲಿಲ್ಲ. ಗಂಡ ಸತ್ತಿದ್ದಾನೆ ಎಂದು ಅವಳಿಗೆ ತಿಳಿದದ್ದು ಅಲ್ಲಿ, ಗೇಜಿನ ದಾರ ಬಿಚ್ಚುವಾಗ.

ಕಂಡ ಮೇಲಷ್ಟೇ ನಂಬುವ, ನಂಬಿದ ಮೇಲಷ್ಟೇ ನುಡಿಯುವ ಜನ ವಿರಳ. ಅಂಥವರೊಂದಿಗೆ ಸಂಸಾರ ಮಾಡುವುದು ಸುಲಭವಲ್ಲ. ಒಂದು ಒಳ್ಳೆಯ ಮಾತಿಗೆ ಕಾದು ಕಾದು ಸಾಕಾಗುತ್ತದೆ. ಅವರು ಹೋದ ಮೇಲೆ ಉಳಿದವರ ಮಾತುಗಳೆಲ್ಲ ಅಗ್ಗವಾಗಿ ಕೇಳಿಸುತ್ತವೆ. "ಸರಿಹೋಗ್ತೀಯಾ ಬಿಡೇ" ಎಂದು ನೆರೆಮನೆಯಾಕೆ ಬೇಲಿಯಾಚೆಯಿಂದ ಹೇಳುತ್ತಾಳೆ.  ಮೇಸ್ತ್ರಿಯ ಹೆಂಡತಿ ಬೆಳಿಗ್ಗೆ ಎದ್ದು ಶೆಡ್ಡಿನ ಷಟರ್ ಎತ್ತುತ್ತಾಳೆ. ಎಣ್ಣೆ ಹೀರಲೆಂದು ನೆಲದ ತುಂಬ ಮರದ ಪುಡಿ ಎರಚಿ, ಸ್ವಲ್ಪ ಹೊತ್ತು ಬಿಟ್ಟು, ಮೂಲೆ ಮೂಲೆ ಗುಡಿಸುತ್ತಾಳೆ. ಗಾಡಿಗಳೇ ಬಾರದ ನೆಲದಲ್ಲಿ ಎಣ್ಣೆಯಿಲ್ಲ. ಪುಡಿ ಎರಚಿದ ಹಾಗೇ, ಬೆಳ್ಳಗೆ, ಮೊರಕ್ಕೆ ಬರುತ್ತದೆ.